ನೀವು ಮಾಡಿದ ಮಿಷನ್‌ಗೆ ಒಪ್ಪಿಗೆ ಕೊಡೋರು ಯಾರು?

(ಪಾಡ್‌ಕಾಸ್ಟ್‌ನ ಬರಹ ರೂಪ)

 

ಇವತ್ತು ಒಂದು ಪ್ರಶ್ನೆ ಇಟ್ಕೊಂಡು ಬಂದಿದ್ದೀನಿ. ಆಟಗಾರರೇ ಮಾಡಿದ ಮಿಷನ್‌ಗಳನ್ನ ಬಿಡುಗಡೆಗೆ ಮುಂಚೆ ಯಾರಾದ್ರೂ ನೋಡಿ ಒಪ್ಪಿಗೆ ಕೊಡಬೇಕಾ, ಬೇಡವಾ?

ಏನಿದು ಅಂತ ಗೊತ್ತಿಲ್ಲದೋರಿಗೆ ಒಂದೇ ಮಾತಲ್ಲಿ ಹೇಳ್ತೀನಿ. ಮೊದಲೆಲ್ಲ ಗೇಮ್ ಅಂದ್ರೆ ಕಂಪನಿ ಮಾಡಿ ಕೊಟ್ಟಿದ್ದನ್ನ ನಾವು ಆಡೋದು. ಈಗ ಎಷ್ಟೋ ಗೇಮ್‌ಗಳು ಮಿಷನ್, ಮ್ಯಾಪ್, ಲೆವೆಲ್ ಕಟ್ಟೋ ಟೂಲ್‌ಗಳನ್ನ ನಮ್ಮ ಕೈಗೇ ಕೊಟ್ಟುಬಿಟ್ಟಿವೆ. ಬಿಜಿಎಂಐ ಆಡೋರಿಗೆ ವರ್ಲ್ಡ್ ಆಫ್ ವಂಡರ್ ಗೊತ್ತಿರುತ್ತೆ. ರೋಬ್ಲಾಕ್ಸ್ ಅಂತೂ ನಿಂತಿರೋದೇ ಇದರ ಮೇಲೆ, ಅಲ್ಲಿರೋ ಆಟಗಳನ್ನ ಮಾಡಿರೋರು ಬಹುತೇಕ ಆಡೋರೇ. ನೀವು ಒಂದು ಕೋಟೆ ಕಟ್ತೀರಿ, ಶತ್ರುಗಳನ್ನ ನಿಲ್ಲಿಸ್ತೀರಿ, ನಾಲ್ಕು ಡೈಲಾಗ್ ಬರೀತೀರಿ, ‘ಪಬ್ಲಿಷ್’ ಒತ್ತುತೀರಿ. ಆ ಬಟನ್ ಒತ್ತಿದ ಮೇಲೆ ಏನಾಗಬೇಕು ಅನ್ನೋದೇ ಇವತ್ತಿನ ವಿಷಯ.

ನಿಮ್ಮ ಫೋನ್ ಒಳಗೇ ಇದಕ್ಕೆ ಎರಡು ಮಾದರಿ ಇವೆ. ಐಫೋನ್‌ನ ಆ್ಯಪ್ ಸ್ಟೋರ್‌ಗೆ ಒಂದು ಆ್ಯಪ್ ಬರಬೇಕು ಅಂದ್ರೆ ಅದು ಮೊದಲು ಆಪಲ್‌ನ ಪರಿಶೀಲನೆ ದಾಟಬೇಕು. ಯೂಟ್ಯೂಬ್‌ಗೆ ನೀವು ವಿಡಿಯೊ ಹಾಕಿದ್ರೆ ಯಾವ ಮನುಷ್ಯನೂ ಕೂತು ನೋಡಿ ಸಹಿ ಹಾಕಬೇಕಾಗಿಲ್ಲ, ತೊಂದರೆ ಇದ್ರೆ ಆಮೇಲೆ ತೆಗೀತಾರೆ. ಹಾಗಾದ್ರೆ ಗೇಮ್ ಮಿಷನ್ ಯಾವ ಥರದ್ದು? ಆ್ಯಪ್ ಥರಾನಾ, ವಿಡಿಯೊ ಥರಾನಾ?

ನನ್ನ ಉತ್ತರ: ಎರಡೂ ಅಲ್ಲ. ಅದು ಯಾಕೆ ಅಂತ ಹೇಳೋಕೆ ನಿಮ್ಮನ್ನ 2009ಕ್ಕೆ ಕರ್ಕೊಂಡು ಹೋಗಬೇಕು.

‘ಸಿಟಿ ಆಫ್ ಹೀರೋಸ್’ ಅಂತ ಒಂದು ಅಮೆರಿಕದ ಆನ್‌ಲೈನ್ ಗೇಮ್ ಇತ್ತು. 2004ರಲ್ಲಿ ಶುರುವಾಗಿದ್ದು. ನಿಮ್ಮದೇ ಸೂಪರ್‌ಹೀರೋ ಮಾಡ್ಕೊಂಡು ಪ್ಯಾರಗಾನ್ ಸಿಟಿ ಅನ್ನೋ ಊರಲ್ಲಿ ಸಾವಿರಾರು ಜನರ ಜೊತೆ ಆಡೋದು. 2009ರ ಏಪ್ರಿಲ್‌ನಲ್ಲಿ ಅವರು ‘ಮಿಷನ್ ಆರ್ಕಿಟೆಕ್ಟ್’ ಅನ್ನೋ ಸೌಲಭ್ಯ ತಂದ್ರು. ಆಟಗಾರರೇ ಕಥೆ ಬರೀಬಹುದು, ವಿಲನ್ ಮಾಡಬಹುದು, ಊರಿನ ಎಲ್ಲರಿಗೂ ಆಡೋಕೆ ಬಿಡಬಹುದು. ಒಬ್ಬೊಬ್ಬರಿಗೆ ಮೂರು ಮಿಷನ್ ಕಥೆ ಪಬ್ಲಿಷ್ ಮಾಡೋಕೆ ಅವಕಾಶ. ಮುಂಚಿತ ಒಪ್ಪಿಗೆ ಬೇಕಾಗಿರಲಿಲ್ಲ. ಆಡಿದವರು ಒಂದರಿಂದ ಐದು ಸ್ಟಾರ್ ಕೊಡ್ತಾರೆ, ಒಳ್ಳೆಯದು ಮೇಲೆ ಬರುತ್ತೆ, ಕೆಟ್ಟದ್ದು ಕೆಳಗೆ ಹೋಗುತ್ತೆ ಅನ್ನೋ ನಂಬಿಕೆ.

ಆಮೇಲೆ ಏನಾಯ್ತು? ಅಶ್ಲೀಲ ಮಿಷನ್‌ಗಳು ತುಂಬ್ಕೊಂಡವು ಅಂತ ನೀವು ಊಹಿಸ್ತಿರಬಹುದು. ಅಲ್ಲ. ಮೊದಲು ಮುರಿದು ಬಿದ್ದಿದ್ದು ಆಟದ ಲೆಕ್ಕಾಚಾರ.

ಆ ಗೇಮಲ್ಲಿ ‘ರಿಕ್ಟಿ’ ಅನ್ನೋ ಅನ್ಯಗ್ರಹದ ಸೈನ್ಯ ಇತ್ತು. ಅದರಲ್ಲಿ ಒಬ್ಬ ಕಮ್ಯುನಿಕೇಷನ್ ಆಫೀಸರ್. ಅವನು ದೊಡ್ಡ ಹೊಡೆದಾಟದವನಲ್ಲ, ಆದ್ರೆ ಸಹಾಯಕ್ಕೆ ಬೇರೆ ಸೈನಿಕರನ್ನ ಕರೆಸೋನು. ಹಾಗಾಗಿ ಅವನನ್ನ ಸೋಲಿಸಿದ್ರೆ ಜಾಸ್ತಿ ಎಕ್ಸ್‌ಪಿ ಸಿಗೋ ಹಾಗೆ ಇಟ್ಟಿದ್ರು. ಗುಂಪಲ್ಲಿ ಒಬ್ಬ ಇದ್ರೆ ಅದು ಸರಿಯಾದ ಲೆಕ್ಕವೇ. ಆದ್ರೆ ಮಿಷನ್ ಮಾಡೋ ಕೀಲಿ ಆಟಗಾರರ ಕೈಗೆ ಸಿಕ್ಕ ತಕ್ಷಣ ಜಾಣರು ಏನು ಮಾಡಿದ್ರು ಗೊತ್ತಾ? ಮಿಷನ್ ತುಂಬಾ ಬರೀ ಈ ಆಫೀಸರ್‌ಗಳನ್ನೇ ನಿಲ್ಲಿಸಿದ್ರು! ಸುಲಭವಾಗಿ ಬೀಳ್ತಾರೆ, ಕೈತುಂಬಾ ಎಕ್ಸ್‌ಪಿ. ಇದಕ್ಕೇ ‘ಫಾರ್ಮಿಂಗ್’ ಅನ್ನೋದು. ಕಥೆ ಇಲ್ಲ, ಸಾಹಸ ಇಲ್ಲ, ಬರೀ ಕಟಾವು.

ಆ ಗೇಮಲ್ಲಿ ಅತಿ ಎತ್ತರದ ಲೆವೆಲ್ 50. ತಿಂಗಳುಗಟ್ಟಲೆ ಆಡಿ ಮುಟ್ಟೋ ಜಾಗ ಅದು. ಈಗ ಹೊಸಬರು ಊರಿನ ಮೊದಲ ಬಡಾವಣೆ ಅಟ್ಲಾಸ್ ಪಾರ್ಕ್‌ನಲ್ಲಿರೋ ಆರ್ಕಿಟೆಕ್ಟ್ ಕಟ್ಟಡದ ಒಳಗೇ ಕೂತು ಮೇಲೇರೋಕೆ ಶುರು ಮಾಡಿದ್ರು. ದೊಡ್ಡ ಲೆವೆಲ್‌ನ ಹೀರೋಗೆ ಪಕ್ಕದ ಬಡಾವಣೆಗೆ ಹೋಗೋ ದಾರಿ ಗೊತ್ತಿಲ್ಲ ಅಂತ ಹಳಬರು ಗೊಣಗಿದ್ರು. ಮೇ ತಿಂಗಳಷ್ಟೊತ್ತಿಗೆ ಡೆವಲಪರ್‌ಗಳು ಎಚ್ಚರಿಕೆ ಕೊಟ್ರು: ಇದನ್ನ ದುರುಪಯೋಗ ಮಾಡ್ಕೊಂಡೋರು ಗಳಿಸಿದ್ದನ್ನ ಕಳ್ಕೊಳ್ಳಬಹುದು, ಆ ಪಾತ್ರವನ್ನೇ ಕಳ್ಕೊಳ್ಳಬಹುದು. ನಮ್ಮಲ್ಲಿ ಗಾದೆ ಇದೆಯಲ್ಲಾ, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ. ಹಾಗೆ.

ಇಲ್ಲಿ ಒಂದು ಸಣ್ಣ ವಿವರ ಗಮನಿಸಿ, ನನ್ನ ಇಡೀ ಮಾತು ನಿಂತಿರೋದು ಇದರ ಮೇಲೆ. ಆಟಗಾರರ ಮಾಮೂಲಿ ಮಿಷನ್‌ಗಳಲ್ಲಿ ಶತ್ರುಗಳಿಂದ ವಸ್ತುಗಳು ಸಿಗ್ತಿರಲಿಲ್ಲ, ಬದಲಿಗೆ ಟಿಕೆಟ್ ಸಿಗ್ತಿತ್ತು. ಡೆವಲಪರ್‌ಗಳೇ ಆಡಿ, ಮೆಚ್ಚಿ, ಆರಿಸಿದ ಮಿಷನ್ ಆದ್ರೆ ಮಾತ್ರ ಉಳಿದ ಆಟದ ಹಾಗೆ ಪೂರ್ತಿ ಬಹುಮಾನ. ಅಂದ್ರೆ ಸರಿಯಾದ ಯೋಚನೆ ಅವರಿಗೆ ಅರ್ಧ ಬಂದಿತ್ತು: ಯಾರು ಬೇಕಾದ್ರೂ ಮಾಡಲಿ, ಆದ್ರೆ ಪೂರ್ತಿ ಬಹುಮಾನಕ್ಕೆ ಪರಿಶೀಲನೆ ಬೇಕು. ಎಕ್ಸ್‌ಪಿಗೆ ಮಾತ್ರ ಆ ಬೇಲಿ ಹಾಕಲಿಲ್ಲ. ದನ ನುಗ್ಗಿದ್ದು ಅಲ್ಲೇ.

ಈಗ ಎರಡನೇ ಕಥೆ. ಸಿಟಿ ಆಫ್ ಹೀರೋಸ್ ಅನ್ನ ಮೊದಲು ಕಟ್ಟಿದ್ದು ಕ್ರಿಪ್ಟಿಕ್ ಅನ್ನೋ ಸ್ಟುಡಿಯೋ. ಅವರು ಆ ಗೇಮನ್ನ 2007ರಲ್ಲಿ ಎನ್‌ಸಿಸಾಫ್ಟ್‌ಗೆ ಬಿಟ್ಟುಕೊಟ್ಟು, ಮುಂದೆ ‘ಸ್ಟಾರ್ ಟ್ರೆಕ್ ಆನ್‌ಲೈನ್’ ಮಾಡಿದ್ರು. 2011ರಲ್ಲಿ ಅದಕ್ಕೆ ‘ಫೌಂಡ್ರಿ’ ಅನ್ನೋ ಮಿಷನ್ ಕಟ್ಟೋ ಟೂಲ್ ಬಂತು. ಈ ಸಲ ಪಬ್ಲಿಷ್ ಒತ್ತಿದ ಕೂಡಲೇ ಮಿಷನ್ ಎಲ್ಲರ ಪಟ್ಟಿಗೆ ಬರ್ತಿರಲಿಲ್ಲ. ‘ಇದನ್ನ ಇನ್ನೂ ಯಾರೂ ನೋಡಿಲ್ಲ, ಏನು ಬೇಕಾದ್ರೂ ಇರಬಹುದು, ನನಗೆ ಒಪ್ಪಿಗೆ’ ಅಂತ ಮುಂದೆ ಬಂದ ಆಟಗಾರರು ಮೊದಲು ಆಡ್ತಿದ್ರು. ಅಂಥ 5 ಜನ ಆಡಿ ಅಭಿಪ್ರಾಯ ಕೊಟ್ಟ ಮೇಲೆ ಮಾಮೂಲಿ ಪಟ್ಟಿಗೆ.

ಐಡಿಯಾ ಚೆನ್ನಾಗಿದೆ ಅಲ್ವಾ? ಕಂಪನಿಗೆ ಖರ್ಚಿಲ್ಲ, ಸೆನ್ಸಾರ್ ಮಂಡಳಿ ಇಲ್ಲ, ಆದ್ರೂ ಯಾರೋ ನೋಡಿರ್ತಾರೆ. ಆದ್ರೂ ಅಲ್ಲೂ ಜಾಣರು ಬಂದ್ರು. ದಿನಕ್ಕಿಷ್ಟು ಫೌಂಡ್ರಿ ಮಿಷನ್ ಮುಗಿಸಿದ್ರೆ ಬಹುಮಾನ ಅಂತ ಇಟ್ಟಿದ್ರು. ಒಂದು ಬಟನ್ ಒತ್ತಿದ್ರೆ ಮುಗಿದುಹೋಗೋ ಮಿಷನ್‌ಗಳು ಹುಟ್ಟಿಕೊಂಡವು. ಅವಕ್ಕೆ ‘ಕ್ಲಿಕ್ಕಿ’ ಅಂತಾನೇ ಹೆಸರು ಬಂತು. ಐದು ಜನ ರಿವ್ಯೂ ಮಾಡಿದ್ರೂ ಏನು ಪ್ರಯೋಜನ? ರಿವ್ಯೂ ಮಾಡೋರಿಗೂ ಅದೇ ಬಹುಮಾನ ಬೇಕಿತ್ತಲ್ಲ! ಕೊನೆಗೆ ಕಂಪನಿ ಮಿಷನ್‌ಗಳನ್ನ ಒಂದೊಂದಾಗಿ ಬೇಟೆಯಾಡೋ ಬದಲು ಬಹುಮಾನದ ನಿಯಮ ಬದಲಾಯಿಸಿತು. ಆಡೋರು ಸರಾಸರಿ ಇಷ್ಟು ಹೊತ್ತು ಆಡಿರಬೇಕು, ಆಗ ಮಾತ್ರ ಆ ಮಿಷನ್ ಲೆಕ್ಕಕ್ಕೆ. ಕ್ಲಿಕ್ಕಿ ಮಾಡಬಾರದು ಅಂತೇನಿಲ್ಲ, ಮಾಡಿದ್ರೆ ಲಾಭ ಇಲ್ಲ, ಅಷ್ಟೇ.

ಎರಡೂ ಕಥೆ ಒಂದೇ ಮಾತು ಹೇಳ್ತವೆ. ತೊಂದರೆ ಮಿಷನ್ ಮಾಡೋದರಲ್ಲಿಲ್ಲ, ಆ ಮಿಷನ್ ಏನು ಕೊಡುತ್ತೆ ಅನ್ನೋದರಲ್ಲಿದೆ.

ಮೂರನೆಯದು ನನಗೆ ತುಂಬಾ ಇಷ್ಟವಾದ ಕಥೆ. 2015ರಲ್ಲಿ ನಿಂಟೆಂಡೋ ‘ಸೂಪರ್ ಮಾರಿಯೋ ಮೇಕರ್’ ತಂತು. ಇಲ್ಲಿ ನಿಮ್ಮ ಲೆವೆಲ್ ಅಪ್‌ಲೋಡ್ ಆಗಬೇಕು ಅಂದ್ರೆ ಒಂದೇ ಷರತ್ತು, ಅದನ್ನ ನೀವೇ ಆಡಿ ಗೆದ್ದು ತೋರಿಸಬೇಕು. ಬೇರೆಯವರ ಒಪ್ಪಿಗೆ ಬೇಡ. ನೀನು ಮಾಡಿದ ಅಡುಗೆ ಮೊದಲು ನೀನು ತಿನ್ನು, ಅಷ್ಟೇ. ದಾಟೋಕೇ ಆಗದ ಲೆವೆಲ್ ಹಾಕಿ ಜನರನ್ನ ಗೋಳು ಹುಯ್ಕೊಳ್ಳೋದು ಇದರಿಂದ ನಿಂತುಹೋಗುತ್ತೆ.

ನಿಂತುಹೋಯ್ತಾ? ಈ ಗೇಮಿನ ವೀ ಯು ಸರ್ವರ್‌ಗಳು 2024ರ ಏಪ್ರಿಲ್ 8ಕ್ಕೆ ಮುಚ್ಚೋದಿತ್ತು. ಅದಕ್ಕೂ ಮುಂಚೆ, ಇದುವರೆಗೆ ಯಾರೂ ಗೆಲ್ಲದ ಪ್ರತಿಯೊಂದು ಲೆವೆಲ್ಲನ್ನೂ ಗೆದ್ದೇ ತೀರಬೇಕು ಅಂತ ಒಂದು ಗುಂಪು ಹಠ ಹಿಡೀತು. ಕೊನೆಕೊನೆಗೆ ಒಂದು ಲೆವೆಲ್ ಉಳೀತು, ಹೆಸರು ‘ಟ್ರಿಮ್ಮಿಂಗ್ ದ ಹರ್ಬ್ಸ್’. ಕೆಲವೇ ಸೆಕೆಂಡ್‌ಗಳ ಲೆವೆಲ್, ಆದ್ರೆ ಬೆರಳು ಕೂದಲೆಳೆಯಷ್ಟೂ ತಪ್ಪೋ ಹಾಗಿಲ್ಲ. ಜಗತ್ತಿನ ಚಾಂಪಿಯನ್‌ಗಳೆಲ್ಲ ಕೂತು ಗುದ್ದಾಡ್ತಿದ್ದಾಗ, ಅದನ್ನ ಮಾಡಿದವರೇ ಮುಂದೆ ಬಂದು ಸತ್ಯ ಹೇಳಿದ್ರು: ಅಪ್‌ಲೋಡ್ ಮಾಡುವಾಗ ನಾನು ಕೈಯಲ್ಲಿ ಆಡಿ ಗೆದ್ದಿರಲಿಲ್ಲ, ಮೊದಲೇ ಬರೆದಿಟ್ಟ ಬಟನ್ ಒತ್ತುಗಳನ್ನ ಯಂತ್ರದಿಂದ ಕೊಡಿಸಿದ್ದೆ ಅಂತ. ಅಂದ್ರೆ ಆ ಪರಿಶೀಲನೆಯನ್ನೂ ಮೋಸ ಮಾಡಿ ದಾಟಬಹುದು ಅಂತಾಯ್ತು. ಮಜಾ ಏನು ಗೊತ್ತಾ? ಅದಾದ ಮೇಲೂ ಒಬ್ಬ ಆಟಗಾರ ಬಿಡಲಿಲ್ಲ. ಸರ್ವರ್ ಮುಚ್ಚೋಕೆ ಮೂರು ದಿನ ಇರುವಾಗ, ಏಪ್ರಿಲ್ 5ಕ್ಕೆ, ಬರಿಗೈಯಲ್ಲೇ ಗೆದ್ದರು.

ಇಷ್ಟು ಹೊತ್ತು ಹೇಳಿದ್ದೆಲ್ಲ ಎಕ್ಸ್‌ಪಿ, ಬಹುಮಾನ, ಕಷ್ಟದ ಲೆವೆಲ್. ಕೇಳೋಕೆ ತಮಾಷೆಯಾಗೇ ಇದೆ. ಈಗ ತಮಾಷೆ ಅಲ್ಲದ್ದಕ್ಕೆ ಬರ್ತೀನಿ.

2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ ಗುಂಡಿನ ದಾಳಿ ನಡೆದು 51 ಜನ ಸತ್ತರು. ಆ ಹತ್ಯಾಕಾಂಡವನ್ನ ಆಟದ ರೂಪದಲ್ಲಿ ಮರುಸೃಷ್ಟಿ ಮಾಡಿದ್ದು ರೋಬ್ಲಾಕ್ಸ್‌ನಲ್ಲಿ ಪತ್ತೆಯಾಗಿತ್ತು. 2021ರಲ್ಲಿ ಅದು ಸುದ್ದಿಯಾಯ್ತು. ಕಂಪನಿ ತೆಗೆದುಹಾಕ್ತು, ನಿಜ. ಆದ್ರೆ ರೋಬ್ಲಾಕ್ಸ್ ಆಡೋರಲ್ಲಿ ದೊಡ್ಡ ಪಾಲು ಮಕ್ಕಳು. ಹತ್ತು ವರ್ಷದ ಹುಡುಗ ಅಂಥ ಒಂದು ‘ಆಟ’ದೊಳಗೆ ಕಾಲಿಟ್ಟಿದ್ರೆ, ಆಮೇಲೆ ತೆಗೆದುಹಾಕಿದ್ದರಿಂದ ಅವನಿಗೇನು ಬಂತು? ಸತ್ತವರ ಮನೆಯವರಿಗೇನು ಬಂತು? ‘ಮೊದಲು ಬಿಡಿ, ಆಮೇಲೆ ನೋಡೋಣ’ ಅನ್ನೋ ವಾದ ನನ್ನ ಮಟ್ಟಿಗೆ ಸೋಲೋದು ಇಲ್ಲೇ.

ಹಾಗಿದ್ರೆ ಎಲ್ಲವನ್ನೂ ಮೊದಲೇ ನೋಡಿಬಿಡೋಣ, ಮುಗೀತಲ್ಲ ಅಂತೀರಾ? ಒಂದು ಸಣ್ಣ ಲೆಕ್ಕ ಹಾಕೋಣ. ಇದು ಬರೀ ಊಹೆಯ ಲೆಕ್ಕ. ಒಂದು ಮಿಷನ್ ಆಡೋಕೆ 20 ನಿಮಿಷ ಅಂದ್ಕೊಳ್ಳಿ. ಒಬ್ಬ ರಿವ್ಯೂವರ್ ದಿನಕ್ಕೆ 8 ಗಂಟೆ, ಊಟ ತಿಂಡಿ ಏನೂ ಇಲ್ಲದೆ ಆಡಿದ್ರೆ 24 ಮಿಷನ್. ದಿನಕ್ಕೆ ಸಾವಿರ ಮಿಷನ್ ಬಂದ್ರೆ 42 ಜನ ಬೇಕು. ದೊಡ್ಡ ಗೇಮ್‌ಗೆ ಸಾವಿರ ಏನೂ ಅಲ್ಲ. ಅಷ್ಟೇ ಅಲ್ಲ, ವಿಡಿಯೊ ಆದ್ರೆ ಓಡಿಸಿ ನೋಡಬಹುದು. ಮಿಷನ್‌ನಲ್ಲಿ ಮೂರು ಬಾಗಿಲು ಇರುತ್ತೆ, ಕೆಟ್ಟದ್ದು ಮೂರನೇ ಬಾಗಿಲ ಹಿಂದೆ ಇರುತ್ತೆ, ರಿವ್ಯೂವರ್ ಮೊದಲನೇ ಬಾಗಿಲಲ್ಲಿ ಹೋಗಿ ‘ಓಕೆ’ ಅಂದಿರ್ತಾರೆ. ಇನ್ನೂ ಒಂದಿದೆ. ಒಪ್ಪಿಗೆ ಸಿಕ್ಕ ಮೇಲೆ ಮಾಡಿದೋರು ಒಳಗಡೆ ಬದಲಾಯಿಸಿದ್ರೆ? ಪ್ರತೀ ಬದಲಾವಣೆಗೂ ಮತ್ತೆ ಕ್ಯೂ?

ಮತ್ತೆ ಈ ಕ್ಯೂನಲ್ಲಿ ಸಾಯೋದು ಯಾರು ಗೊತ್ತಾ? ನಮ್ಮಂಥೋರು.

ಹಾಸನದಲ್ಲಿರೋ ನನ್ನ ಚಿಕ್ಕಪ್ಪನ ಮಗ, ಪಿಯುಸಿ ಓದೋ ಹುಡುಗ, ಒಂದು ಮೊಬೈಲ್ ಗೇಮಲ್ಲಿ ಮ್ಯಾಪ್ ಮಾಡಿದ. ಗೇಮಿನ ಹೆಸರು ಬೇಡ. ಮಳೆಗಾಲದ ಮಲೆನಾಡು, ಕರೆಂಟ್ ಹೋಗಿರುತ್ತೆ, ಕಳೆದುಹೋದ ಎಮ್ಮೆ ಹುಡುಕ್ಕೊಂಡು ಕಾಫಿ ತೋಟದೊಳಗೆ ಹೋಗಬೇಕು. ಅಲ್ಲಿ ಬರೋ ಅಜ್ಜಿ ಕನ್ನಡದಲ್ಲೇ ಬೈತಾಳೆ, ‘ಎಮ್ಮೆ ಕಾಯೋಕೂ ಬರಲ್ವೇನೋ ನಿಂಗೆ’ ಅಂತ. ನಾನು ಆಡಿದೆ, ನಕ್ಕು ಸಾಕಾಯ್ತು. ಪಬ್ಲಿಷ್‌ಗೆ ಕೊಟ್ಟ. ‘ನಿಯಮಗಳಿಗೆ ಅನುಗುಣವಾಗಿಲ್ಲ’ ಅಂತ ಒಂದು ಸಾಲು ಬಂತು. ಯಾವ ನಿಯಮ? ಹೇಳಲಿಲ್ಲ. ಎರಡನೇ ಸಲ ಕೊಟ್ಟ, ಅದೇ ಸಾಲು. ಮೂರನೇ ಸಲ ಅಜ್ಜಿ ಮಾತೆಲ್ಲ ತೆಗೆದು ಕೊಟ್ಟ, ಒಪ್ಪಿಗೆ ಆಯ್ತು. ‘ಅಣ್ಣಾ, ಅಜ್ಜಿ ಇಲ್ದೆ ಆ ಮ್ಯಾಪಲ್ಲಿ ಏನಿದೆ ಹೇಳು’ ಅಂದ. ನನ್ನ ಹತ್ರ ಉತ್ತರ ಇರಲಿಲ್ಲ.

ಕನ್ನಡ ಓದೋಕೆ ಬರೋರು ಯಾರೂ ಆ ಕಡೆ ಇಲ್ಲದಿದ್ರೆ ಪರಿಶೀಲನೆ ಅಂದ್ರೆ ಹೀಗೇ ಆಗೋದು. ಅರ್ಥವಾಗದ್ದು ಅಪಾಯ ಅನ್ನಿಸುತ್ತೆ. ಯಂತ್ರಕ್ಕೆ ಬಿಟ್ರೆ ಇನ್ನೊಂದು ತಲೆನೋವು. ನಿಮ್ಮ ಕ್ಲಾಸಲ್ಲೇ ಒಬ್ಬ ದೀಕ್ಷಿತ್ ಇರ್ತಾನೆ. ಅವನ ಹೆಸರನ್ನ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕೊನೆಯ ನಾಲ್ಕು ಅಕ್ಷರ ಮಾತ್ರ ಓದಿ. ಅರ್ಥ ಆಯ್ತಲ್ಲ? ದಡ್ಡ ಫಿಲ್ಟರ್‌ಗೆ ಆ ಹುಡುಗನ ಹೆಸರೇ ಬೈಗುಳ. ಅದೇ ಫಿಲ್ಟರ್‌ಗೆ ಕನ್ನಡದ ನಿಜವಾದ ಕೆಟ್ಟ ಬೈಗುಳ ಗೊತ್ತೇ ಇರಲ್ಲ, ಆರಾಮಾಗಿ ಒಳಗೆ ಬಿಡುತ್ತೆ. ತಪ್ಪಿಲ್ಲದವನಿಗೆ ತಡೆ, ತಪ್ಪು ಮಾಡಿದವನಿಗೆ ದಾರಿ.

ಹೀಗೆ ಎರಡೂ ಕಡೆ ನಷ್ಟ ಇದೆ. ಹಾಗಾದ್ರೆ ಏನು ಮಾಡಬೇಕು? ನನ್ನ ನಿಲುವು ಇದು: ಗೇಟು ಬೇಕು, ಆದ್ರೆ ಅದನ್ನ ಮಿಷನ್ ಮಾಡೋ ಜಾಗದಲ್ಲಿ ಹಾಕಬಾರದು. ಮಿಷನ್‌ಗೆ ಬಲ ಬರೋ ಜಾಗದಲ್ಲಿ ಹಾಕಬೇಕು. ಮೂರು ಮೆಟ್ಟಿಲಲ್ಲಿ ಹೇಳ್ತೀನಿ.

ಮೊದಲನೇ ಮೆಟ್ಟಿಲು. ನೀವು ಮಾಡಿದ್ದನ್ನ ನೀವು ಆಡಿ ಮುಗಿಸಿ ತೋರಿಸಿ, ನಿಮ್ಮ ಗೆಳೆಯರ ಜೊತೆ ಲಿಂಕ್ ಹಂಚಿಕೊಂಡು ಆಡಿ. ಇದಕ್ಕೆ ಯಾರ ಒಪ್ಪಿಗೆಯೂ ಬೇಡ. ಬಹುಮಾನವೂ ಇಲ್ಲ, ಪಟ್ಟಿಯಲ್ಲಿ ಹೆಸರೂ ಇಲ್ಲ. ಹಾಸನದ ಅಜ್ಜಿ ಇಲ್ಲಿ ಯಾವ ತೊಂದರೆಯೂ ಇಲ್ಲದೆ ಬೈಬಹುದು. ಯಾರಾದ್ರೂ ದೂರು ಕೊಟ್ರೆ ಮಾತ್ರ ನೋಡಬೇಕು.

ಎರಡನೇ ಮೆಟ್ಟಿಲು. ಎಲ್ಲರಿಗೂ ಕಾಣೋ ಪಟ್ಟಿಗೆ ಬರಬೇಕಾ? ಆಗ ಸ್ವಂತ ಇಚ್ಛೆಯಿಂದ ಬಂದ ನಾಲ್ಕೈದು ದೊಡ್ಡ ವಯಸ್ಸಿನ ಆಟಗಾರರು ಮೊದಲು ಆಡಲಿ, ಫೌಂಡ್ರಿಯಲ್ಲಿ ಮಾಡಿದ ಹಾಗೆ. ಆ ಮಿಷನ್ ಯಾವ ಭಾಷೆಯಲ್ಲಿದೆಯೋ ಆ ಭಾಷೆ ಬರೋರೇ ಆಡಲಿ. ರಿವ್ಯೂ ಮಾಡೋರಿಗೆ ಆ ಮಿಷನ್‌ನಿಂದ ಯಾವ ಲಾಭವೂ ಇರಬಾರದು, ಇಲ್ಲದಿದ್ರೆ ಬೇಲಿಯೇ ಎದ್ದು ಹೊಲ ಮೇಯುತ್ತೆ.

ಮೂರನೇ ಮೆಟ್ಟಿಲು. ಪೂರ್ತಿ ಎಕ್ಸ್‌ಪಿ, ಬಹುಮಾನ, ಹೋಮ್ ಪೇಜ್‌ನಲ್ಲಿ ಜಾಗ, ದುಡ್ಡು, ಮುಖ್ಯವಾಗಿ ಮಕ್ಕಳ ಮುಂದೆ ಹೋಗೋ ಅವಕಾಶ. ಇವುಗಳಲ್ಲಿ ಯಾವುದು ಬೇಕಾದ್ರೂ ಕಂಪನಿಯ ಸಂಬಳ ತಗೊಳ್ಳೋ ಮನುಷ್ಯರು ಮೊದಲು ಪೂರ್ತಿ ಆಡಬೇಕು, ಮೂರೂ ಬಾಗಿಲು ತೆಗೆದು ನೋಡಬೇಕು. ಆಮೇಲೆ ಬದಲಾಯಿಸಿದ್ರೆ ಮಿಷನ್ ಒಂದು ಮೆಟ್ಟಿಲು ಕೆಳಗೆ ಇಳೀಬೇಕು. ಸಾವಿರ ಮಿಷನ್‌ನಲ್ಲಿ ಈ ಮೆಟ್ಟಿಲು ಹತ್ತೋಕೆ ಕೇಳೋದು ಸ್ವಲ್ಪವೇ ಇರುತ್ತೆ, ಅಷ್ಟಕ್ಕೆ ಜನ ಇಡೋದು ಅಸಾಧ್ಯ ಏನಲ್ಲ.

ಇದರ ಜೊತೆ ಒಂದು ಹಕ್ಕು. ‘ಇಲ್ಲ’ ಅಂದ್ರೆ ಯಾವ ನಿಯಮ, ಮಿಷನ್‌ನ ಯಾವ ಜಾಗ ಅಂತ ಹೇಳಲೇಬೇಕು. ಕಾರಣ ಹೇಳದ ‘ಇಲ್ಲ’ದಿಂದ ಯಾರೂ ಏನನ್ನೂ ಕಲಿಯಲ್ಲ, ಬರೀ ಅಜ್ಜಿಯನ್ನ ಅಳಿಸೋದು ಕಲೀತಾರೆ.

ಇದಕ್ಕೆ ಆಕ್ಷೇಪ ಇದೆ, ನನಗೂ ಗೊತ್ತು. ಮೊದಲನೇ ಮೆಟ್ಟಿಲಲ್ಲೇ ಕೆಟ್ಟದ್ದನ್ನ ಗುಟ್ಟಾಗಿ ಹಂಚಿಕೊಂಡ್ರೆ? ಹಂಚಿಕೊಳ್ಳಬಹುದು. ವಾಟ್ಸ್ಯಾಪ್ ಗುಂಪಲ್ಲೂ ಹಂಚಿಕೊಳ್ತಾರೆ. ಇಲ್ಲಿ ಕಂಪನಿ ಅದನ್ನ ಗೊತ್ತಿಲ್ಲದ ಮಕ್ಕಳ ಮುಂದೆ ತಾನೇ ತಗೊಂಡು ಹೋಗಿ ಇಡ್ತಿಲ್ಲ, ಆ ವ್ಯತ್ಯಾಸ ದೊಡ್ಡದು. ಮಕ್ಕಳ ಖಾತೆಗಳಿಗೆ ಮೂರನೇ ಮೆಟ್ಟಿಲಿನ ಮಿಷನ್ ಬಿಟ್ಟು ಬೇರೆ ಯಾವುದೂ ತೆರೆಯಬಾರದು, ಲಿಂಕ್ ಕಳಿಸಿದ್ರೂ ಕೂಡ. ಇದರಲ್ಲಿ ರಾಜಿ ಬೇಡ ಅಂತೀನಿ ನಾನು.

ಇನ್ನು ಕೆಲವರು ಹೇಳ್ತಾರೆ, ಇಷ್ಟೆಲ್ಲ ತಲೆನೋವು ಯಾಕೆ, ಆಟಗಾರರಿಗೆ ಟೂಲ್ ಕೊಡೋದೇ ನಿಲ್ಲಿಸಿ ಅಂತ. ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋ ಮಾತು ಅದು. ಸ್ಟಾರ್ ಟ್ರೆಕ್‌ನ ಫೌಂಡ್ರಿಯನ್ನ 2019ರ ಏಪ್ರಿಲ್ 11ಕ್ಕೆ ಮುಚ್ಚಿದ್ರು. ಕಾರಣ ಕೆಟ್ಟ ಮಿಷನ್‌ಗಳಲ್ಲ, ಅದನ್ನ ಕಟ್ಟಿದ ಎಂಜಿನಿಯರ್‌ಗಳು ಬಿಟ್ಟುಹೋಗಿದ್ರು, ನಡೆಸಿಕೊಂಡು ಹೋಗೋದು ಕಷ್ಟ ಅಂದ್ರು. ಎಂಟು ವರ್ಷ ಜನ ರಾತ್ರಿ ನಿದ್ದೆಗೆಟ್ಟು ಕಟ್ಟಿದ ಕಥೆಗಳನ್ನ ಮಾರನೇ ದಿನ ಆಟದೊಳಗೆ ಆಡೋಕೆ ಆಗಲಿಲ್ಲ. ಸಿಟಿ ಆಫ್ ಹೀರೋಸ್ ಅನ್ನಂತೂ 2012ರ ನವೆಂಬರ್ 30ಕ್ಕೇ ಪೂರ್ತಿ ಮುಚ್ಚಿದ್ರು. ಪರಿಶೀಲನೆ ಬಗ್ಗೆ ಮಾತಾಡುವಾಗ ಇದನ್ನೂ ನೆನಪಿಡಿ. ಮಾಡಿದೋರ ಶ್ರಮಕ್ಕೆ ಬೆಲೆ ಕೊಡದ ಕಂಪನಿ, ಅದನ್ನ ಸರಿಯಾಗಿ ಪರಿಶೀಲಿಸೋಕೂ ದುಡ್ಡು ಹಾಕಲ್ಲ.

ಕೊನೆಗೆ ನಿಮ್ಮ ಕೈಲಿರೋ ಕೆಲಸ. ಆಟಗಾರರು ಮಾಡಿದ ಮ್ಯಾಪ್ ಆಡಿದ್ರೆ ಮುಗಿದ ಮೇಲೆ ಹತ್ತು ಸೆಕೆಂಡ್ ಕೊಟ್ಟು ರೇಟಿಂಗ್ ಹಾಕಿ, ಕನ್ನಡದಲ್ಲೇ ಎರಡು ಮಾತು ಬರೀರಿ. ಮಕ್ಕಳು ನೋಡಬಾರದ್ದು ಕಂಡ್ರೆ ಸ್ಕ್ರೀನ್‌ಶಾಟ್ ಗ್ರೂಪಿಗೆ ಹಾಕೋದಕ್ಕಿಂತ ಮೊದಲು ರಿಪೋರ್ಟ್ ಒತ್ತಿ. ಅದರಿಂದ ಏನೂ ಆಗದಿದ್ರೆ, ನಮ್ಮ ದೇಶದ 2021ರ ಐಟಿ ನಿಯಮಗಳ ಪ್ರಕಾರ ಇಂಥ ವೇದಿಕೆಗಳು ದೂರು ಕೇಳೋಕೆ ಒಬ್ಬ ಅಧಿಕಾರಿಯನ್ನ ಇಡಬೇಕು, ಅವರ ಹೆಸರು, ಸಂಪರ್ಕ ಎಲ್ಲರಿಗೂ ಕಾಣೋ ಹಾಗೆ ಹಾಕಬೇಕು. ಹುಡುಕಿ, ಬರೀರಿ. ಹಾಗೇ ನಿಮ್ಮ ಮ್ಯಾಪ್ ಕಾರಣ ಇಲ್ಲದೆ ವಾಪಸ್ ಬಂದ್ರೆ ಸುಮ್ಮನೆ ಡಿಲೀಟ್ ಮಾಡಬೇಡಿ, ಯಾವ ನಿಯಮ ಅಂತ ಕೇಳಿ. ಮತ್ತೆ ಕೇಳಿ.

ನೀವು ಮಿಷನ್ ಮಾಡೋರಾಗಿದ್ರೆ ನಿಮಗೇನು ಅನುಭವ ಆಯ್ತು? ಗೇಟು ಎಲ್ಲಿರಬೇಕು ಅಂತ ನಿಮಗನ್ನಿಸುತ್ತೆ? ಒಂದು ನಿಮಿಷದ ವಾಯ್ಸ್ ನೋಟ್ ಕಳಿಸಿ, ಮುಂದಿನ ಎಪಿಸೋಡ್‌ನಲ್ಲಿ ಕೇಳಿಸ್ತೀನಿ. ಒಪ್ಪದೇ ಇರೋರದ್ದು ಮೊದಲು.

ಸಿಗೋಣ. ನಮಸ್ಕಾರ.